ಎರಡು ಲೈನಿನ ಸ್ಟೇಷನ್ನಿನಲ್ಲಿ ನನ್ನ ಮಾವ

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ನಾನು ಶಾಲೆ ಬಿಟ್ಟೆ. ಆರನೆಯ ಇಯತ್ತೆ, ಅದೂ ಅರ್ಧಕ್ಕೆ. ಬಿಡಿಸಿದವರು ಯಾರೂ ಇಲ್ಲ, ನಾನೇ ಬಿಟ್ಟೆ. ಅಪ್ಪ ತೀರಿಕೊಂಡ ವರ್ಷ ಅದು. ಅವ್ವ ಅಡರಕಟ್ಟಿಯಲ್ಲಿ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಅವಳು ಬಿಸಿಲಿನಲ್ಲಿ, ನಾನು ನೆರಳಿನಲ್ಲಿ, ಇದು ನನಗೆ ಒಗ್ಗಲಿಲ್ಲ. ಮರುಕ ಬರಲಿ ಎಂದು ಈ ಮಾತು ಬರೆಯುತ್ತಿಲ್ಲ. ಓದಿದವರ ಮುಂದೆ ನಾನು ಯಾವತ್ತೂ ತಲೆ ತಗ್ಗಿಸಿ ನಿಂತವನಲ್ಲ. ತಲೆಯ ಮೇಲೆ ಹೊರೆ ಇದ್ದವನಿಗೆ ತಗ್ಗಿಸಲು ಬರುವುದೂ ಇಲ್ಲ.

ನನ್ನನ್ನು ಗದಗಿಗೆ ಕರೆತಂದವನು ಸೋದರಮಾವ, ಅವ್ವನ ತಮ್ಮ. ರೈಲ್ವೆ ಸ್ಟೇಷನ್ನಿನಲ್ಲಿ ಹಮಾಲನಾಗಿದ್ದ. ಕೆಂಪು ಅಂಗಿ, ತೋಳಿಗೆ ರೈಲ್ವೆಯವರು ಕೊಟ್ಟ ನಂಬರಿನ ಹಿತ್ತಾಳೆಯ ಬಿಲ್ಲೆ. ಅವ್ವನನ್ನು ಒಪ್ಪಿಸಲು ಬಂದವನು ಕಟ್ಟೆಯ ಮೇಲೆ ಕುಳಿತು ನನ್ನ ಭುಜ ಹಿಚುಕಿ ನೋಡಿದ, ಸಂತೆಯಲ್ಲಿ ಹೋರಿ ನೋಡಿದ ಹಾಗೆ.

“ಯಕ್ಕಾ, ಇವನ ಹೆಗಲು ಚೊಲೊ ಐತಿ. ಸಾಲಿ ಮಾಸ್ತರ್ ಇದನ್ನ ನೋಡ್ಲೇ ಇಲ್ಲ ನೋಡು.”

“ಹೊರಸಾಕ ಕರಕೊಂಡ ಹೊಂಟಿಯೋ, ಸಾಕಾಕೋ?” ಎಂದು ಅವ್ವ ಕೇಳಿದಳು.

“ಎರಡೂ ಒಂದ ಐತಿ ಬಿಡು. ನನ್ನ ತಾಟಿನಾಗ ಉಣ್ತಾನ, ನನ್ನ ಸಂಗಾಟ ಹೊರ್ತಾನ.”

ಲಕ್ಷ್ಮೇಶ್ವರದ ತನಕ ನಡೆದು, ಅಲ್ಲಿಂದ ಬಸ್ಸಿಗೆ ಕುಳಿತು ಬಂದೆವು. ನಮ್ಮ ಕಡೆ ರೈಲು ಇರಲಿಲ್ಲ, ಈಗಲೂ ಇಲ್ಲ. ಆದ್ದರಿಂದ ಮೊದಲ ದಿನ ನಾನು ಸ್ಟೇಷನ್ನಿನಲ್ಲಿ ಬಾಯಿ ತೆರೆದು ನಿಂತದ್ದು ನಿಜ. ಒಂದೇ ಸ್ಟೇಷನ್ನಿಗೆ ಎರಡು ಲೈನು. ಒಂದು ಹುಬ್ಬಳ್ಳಿಯಿಂದ ಬಂದು ಕೊಪ್ಪಳ, ಬಳ್ಳಾರಿಯ ಕಡೆಗೆ ಹೋಗುವುದು. ಇನ್ನೊಂದು ಇಲ್ಲಿಂದ ಬಾಗಲಕೋಟೆ, ಬಿಜಾಪುರದ ಕಡೆಗೆ ತಿರುಗುವುದು. ನಾವು ಅವುಗಳನ್ನು ಹುಬ್ಬಳ್ಳಿ ಲೈನು, ಬಿಜಾಪುರ ಲೈನು ಎಂದಷ್ಟೇ ಕರೆಯುತ್ತಿದ್ದೆವು. ಒಂದು ಲೈನಿನ ಜನ ಇಳಿದು ಇನ್ನೊಂದು ಲೈನಿನ ಗಾಡಿ ಹತ್ತಬೇಕು. ಆ ಇಳಿದು ಹತ್ತುವ ನಡುವಿನ ಜಾಗದಲ್ಲಿ ನಮ್ಮ ಅನ್ನ ಇತ್ತು.

ನಾನು ಬಂದಾಗ ಎರಡೂ ಸಣ್ಣ ಹಳಿ. ಕೆಲವು ವರ್ಷಗಳ ಮೇಲೆ ಹುಬ್ಬಳ್ಳಿ ಲೈನನ್ನು ಅಗಲ ಮಾಡಿದರು. ಬಿಜಾಪುರ ಲೈನು ಮಾತ್ರ ಬಹಳ ಕಾಲ ಸಣ್ಣದಾಗಿಯೇ ಉಳಿಯಿತು. ಈ ಗಾಡಿ ಆ ಹಳಿಗೆ ಹೋಗುವಂತಿಲ್ಲ, ಆ ಗಾಡಿ ಈ ಹಳಿಗೆ ಬರುವಂತಿಲ್ಲ. ಬಂದ ಮಾಲನ್ನೆಲ್ಲ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಎರಡು ಲೈನು ಹೊಂದದಿದ್ದ ಆ ವರ್ಷಗಳೇ ಹಮಾಲರ ಹೊಟ್ಟೆ ತುಂಬಿದ ವರ್ಷಗಳು. ನನ್ನ ಬಿಲ್ಲೆ, ನನ್ನ ಮದುವೆ, ಬೆಟಗೇರಿಯ ಮನೆಯ ಅಡಿಪಾಯ, ಎಲ್ಲ ಆಗ ಆದದ್ದು. ಮಾವ ತನ್ನ ಒಬ್ಬಳೇ ಮಗಳನ್ನು ನನಗೆ ಕೊಟ್ಟ. ಅವನಿಗೆ ಗಂಡುಮಕ್ಕಳಿಲ್ಲ.

ಮಾವನ ಕೆಲಸ ಕಿವಿಯ ಕೆಲಸ. ಹಳಿಗಳ ನಡುವೆ ದಿನವೆಲ್ಲ ಓಡಾಡುವವನು ಪ್ರತಿ ಸಲ ನಿಂತು ಎಡಕ್ಕೂ ಬಲಕ್ಕೂ ನೋಡುತ್ತಿದ್ದರೆ ಹೊರೆ ಮುಗಿಯುವುದಿಲ್ಲ. ತಲೆಯ ಮೇಲೆ ಎರಡು ಚೀಲ ಇದ್ದರೆ ಕತ್ತು ತಿರುಗುವುದೂ ಇಲ್ಲ. ನಮ್ಮ ಹಮಾಲರೆಲ್ಲ ಹಾಗೆಯೇ ನಡೆಯುತ್ತಿದ್ದರು, ಇಂಜಿನ್ನಿನ ಸದ್ದನ್ನು ಎದೆಯಲ್ಲಿ ಇಟ್ಟುಕೊಂಡು. ಡೀಸೆಲ್ ಇಂಜಿನ್ನು ದೂರದಿಂದಲೇ ನೆಲ ನಡುಗಿಸಿ ಹೇಳಿಕೊಂಡು ಬರುತ್ತದೆ. “ಕಣ್ಣು ಒಂದ ಕಡಿ ನೋಡ್ತಾವ. ಕಿವಿ ನಾಕೂ ಕಡಿ ನೋಡ್ತಾವ,” ಎಂದು ಮಾವ ನನಗೆ ಕಲಿಸಿದ. ನಾನೂ ಹಾಗೇ ಕಲಿತೆ.

ಇನ್ನೊಂದು ರೂಢಿ ನಮ್ಮಲ್ಲಿತ್ತು. ಗಾಡಿ ಬದಲಿಸುವ ಮುದುಕರು, ಬಸುರಿಯರು ಮೇಲ್ಸೇತುವೆ ಏರಲಾರರು. ಅವರನ್ನು ನಾವು ಪ್ಲಾಟ್‌ಫಾರಂ ಮುಗಿಯುವಲ್ಲಿ ಇಳಿಸಿ, ಹಳಿ ದಾಟಿಸಿ, ಆಚೆ ಹತ್ತಿಸುತ್ತಿದ್ದೆವು. ದಾಟಬಾರದು ಎಂದು ಬೋರ್ಡು ಇತ್ತು. ಅದು ಸರಿಯಾದ ಬೋರ್ಡೇ. ಆದರೆ ಆಚೆಯ ಗಾಡಿ ಬಿಡುವ ಹೊತ್ತಿಗೆ ಬೋರ್ಡನ್ನು ಯಾರೂ ಓದುತ್ತಿರಲಿಲ್ಲ. ಹೊರೆ ಹೊತ್ತ ಹಮಾಲ ಮುಂದೆ. ಅವನ ಹೆಗಲ ಮೇಲಿನ ವಲ್ಲಿ ವಸ್ತ್ರದ ಚುಂಗು, ಅಂದರೆ ಇಳಿಬಿಟ್ಟ ತುದಿ, ಹಿಡಿದು ಪ್ಯಾಸೆಂಜರು ಹಿಂದೆ. ಹಿಂದಿರುಗಿ ನೋಡಲು ಬರದ ನಮಗೆ ಆ ಬಟ್ಟೆಯ ಬಿಗಿಯಿಂದಲೇ ಗೊತ್ತಾಗಬೇಕು, ಹಿಂದೆ ಮನುಷ್ಯ ಇದ್ದಾನೆಂದು.

“ಚುಂಗು ಬಿಟ್ಟೀರಿ ಅಂದ್ರ ನಾ ಹೊಣಿ ಅಲ್ಲ ನೋಡ್ರಿ,” ಎಂದು ಮಾವ ಹೆದರಿಸುತ್ತಿದ್ದ. “ನಿಮ್ಮ ಗಂಟು ಬಿಜಾಪುರಕ್ಕ, ನೀವು ಬಳ್ಳಾರಿಗೆ.”

ಆಮೇಲೆ ಬಿಜಾಪುರ ಲೈನೂ ಅಗಲವಾಯಿತು. ಮಾಲು ಇಳಿಸಿ ಏರಿಸುವ ಕೆಲಸ ನಿಂತುಹೋಯಿತು. ಚೀಲಗಳಿಗೆ ಗಾಲಿ ಬಂದವು. ಹಮಾಲರು ಒಬ್ಬೊಬ್ಬರೇ ಕಡಿಮೆಯಾದರು. ನಾನು ಪಾರ್ಸಲ್ ಸಾಗಿಸಲು ತಳ್ಳುಗಾಡಿ ಮಾಡಿಕೊಂಡೆ, ಬೆಟಗೇರಿಯ ಸೀರೆಯ ಗಂಟುಗಳು ನನ್ನ ಕೈಗೆ ಬಂದವು. ಮಾವ ಮಾತ್ರ ತಲೆ ಹೊರೆ ಬಿಡಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ತಾನೇ ರೊಟ್ಟಿ ಬಡಿದುಕೊಂಡು ಇದ್ದ. ನಮ್ಮ ಮನೆಗೆ ಬರುತ್ತಿದ್ದ, ಬರಿಗೈಯಲ್ಲಿ ಅಲ್ಲ. ಒಂದು ಸಿವುಡು ಮೆಂತ್ಯ, ಇಲ್ಲವೇ ನಾಲ್ಕು ಬದನೆಕಾಯಿ. ಅದನ್ನು ಮಗಳ ಕೈಗೆ ಕೊಟ್ಟ ಮೇಲೆಯೇ ತಾಟಿನ ಮುಂದೆ ಕೂರುವುದು. ಮಗಳನ್ನು ಕೊಟ್ಟ ಮನೆಯಲ್ಲಿ ಬಿಟ್ಟಿ ಉಣ್ಣಬಾರದು ಎಂಬುದು ಹಳೆಯವರಲ್ಲಿ ಇದ್ದದ್ದೇ. ಬೇರೆಯವರು ಬಾಯಲ್ಲಿ ಹೇಳಿ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಮಾವ ಅದನ್ನು ಪಾಲಿಸುತ್ತಿದ್ದ.

ಅವನ ಕಣ್ಣು ಹೋಗುತ್ತಿರುವುದನ್ನು ಮೊದಲು ಕಂಡವಳು ನನ್ನ ಹೆಂಡತಿ. ಕೊರೋನಾ ಬಂದು ಗಾಡಿಗಳು ನಿಂತಿದ್ದ ಕಾಲ. ಮಾವ ತಂದ ಸೊಪ್ಪಿನಲ್ಲಿ ಅರ್ಧ ಕೊಳೆತಿತ್ತು. ಸೊಪ್ಪು ಆರಿಸುವುದರಲ್ಲಿ ಅವನಿಗೆ ಯಾರೂ ಸಮ ಇರಲಿಲ್ಲ. ಅವಳು ರೊಟ್ಟಿಯನ್ನು ನಾಲ್ಕು ಚೂರು ಮಾಡಿ, ಪಲ್ಯವನ್ನು ಒಂದು ಬದಿಗೆ ಹಚ್ಚಿ ಇಟ್ಟಳು. ಅವನು ಕೈಯಿಂದ ತಡಕಿ ಉಂಡ. ಅವತ್ತಿನಿಂದ ಅವನ ರೊಟ್ಟಿ ಹಾಗೆಯೇ ಆಯಿತು.

ನಾನು ಅವನನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಸಕ್ಕರೆ ಕಾಯಿಲೆ ಬಹಳ ವರ್ಷ ಹಿಂದೆಯೇ ಬಂದು ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ, ಉಳಿದದ್ದನ್ನು ಉಳಿಸಿಕೊಳ್ಳುವುದಷ್ಟೇ ಎಂದು ಡಾಕ್ಟರು ಹೇಳಿದರು. ಬರುವಾಗ ಗಾಡಿಯಲ್ಲಿ ನಾನು ಸುಮ್ಮನೆ ಇರಲಿಲ್ಲ.

“ಮಾವಾ, ಇನ್ನ ಸಾಕು. ಬಿಲ್ಲಿ ಕೊಟ್ಟಬಿಡು. ಮನಿಗೆ ಬಾ.”

“ಯಾರ ಮನಿಗೆ?”

“ನಮ್ಮನಿಗೆ.”

“ಅಂದ್ರ ಮಗಳ ಮನಿಗೆ. ದಿನಾ ಮೂರು ಹೊತ್ತು.” ಕಿಟಕಿಯ ಕಡೆ ಮುಖ ತಿರುಗಿಸಿದ. “ಕಣ್ಣು ಹೋಗ್ಯಾವ ಅಂತ ಮಾನಾನೂ ಹೋಗೈತೇನಲೇ?”

“ಹಳಿ ದಾಟೂದು ಹೆಂಗ?”

“ಇಷ್ಟು ವರ್ಷ ಕಣ್ಣೀಲೆ ದಾಟೀನೇನು?”

ಆ ಮಾತು ಖರೆ ಇತ್ತು. ಸ್ಟೇಷನ್ನಿನ ಒಂದೊಂದು ಕಂಬ, ಒಂದೊಂದು ಮೆಟ್ಟಿಲು ಅವನಿಗೆ ಪಾಠವಾಗಿತ್ತು. ಉಳಿದ ಹಮಾಲರಿಗೂ ವಿಷಯ ಗೊತ್ತಾಯಿತು. ಅವರು ಯಾರಿಗೂ ಹೇಳಲಿಲ್ಲ. ಚೇಷ್ಟೆ ಮಾತ್ರ ಬಿಡಲಿಲ್ಲ.

“ಯಜಮಾನಾ, ಆ ಕೆಂಪ ಸೀರಿ ಹೆಣಮಗಳು ಕರ್ಯಾಕತ್ತಾಳ ನೋಡು,” ಎಂದು ಒಬ್ಬ.

“ಕೆಂಪೋ ಹಸರೋ, ಗಂಟು ಎಷ್ಟ ತೂಕ ಐತಿ ಅದನ್ನ ಹೇಳು. ಸೀರಿ ನೋಡಾಕ ನೀ ಅದೀಯಲ್ಲ,” ಎಂದು ಮಾವ.

ಎಲ್ಲರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅವನು ಮನೆಗೆ ಬರಬೇಕು, ಕೂತು ಉಣ್ಣಬೇಕು ಎಂಬುದು ನನ್ನ ಹಟವಾಗಿತ್ತು. ನನ್ನನ್ನು ತನ್ನ ತಾಟಿನ ಮುಂದೆ ಕೂರಿಸಿ ಉಣಿಸಿದವನು ಅವನು. ನಾನು ಮೈ ಮುರಿದು ದುಡಿದು ತಂದ ಜೋಳದ ರೊಟ್ಟಿ ಅವನಿಗೆ ಯಾಕೆ ಹೊರೆಯಾಗಬೇಕು? ಒಂದು ಹೊರೆಯನ್ನೂ ಒಲ್ಲೆ ಅನ್ನದ ಮನುಷ್ಯ ಇದೊಂದನ್ನು ಒಲ್ಲೆ ಅನ್ನುತ್ತಿದ್ದ.

ಅಷ್ಟರಲ್ಲಿ ಕರೆಂಟು ಬಂತು. ಹುಬ್ಬಳ್ಳಿ ಲೈನಿನ ಉದ್ದಕ್ಕೂ ಕಂಬ ನೆಟ್ಟು ತಂತಿ ಎಳೆದರು. ಬಿಜಾಪುರ ಲೈನಿಗೆ ಆಗಿನ್ನೂ ಬರಲಿಲ್ಲ. ಹಿಂದೆ ಹಳಿಯ ಅಗಲದಲ್ಲಿ ಆದ ಹಾಗೆಯೇ ಈ ಸಲವೂ ಒಂದು ಲೈನು ಮುಂದೆ, ಒಂದು ಹಿಂದೆ. ಒಂದೇ ಸ್ಟೇಷನ್ನಿನಲ್ಲಿ ಒಂದು ಕಡೆ ಡೀಸೆಲ್ ಇಂಜಿನ್ನು ಎದೆ ಬಡಿದುಕೊಂಡು ನಿಂತಿರುತ್ತಿತ್ತು. ಇನ್ನೊಂದು ಕಡೆ ಕರೆಂಟಿನ ಇಂಜಿನ್ನು ಬಂದು ನಿಂತದ್ದೂ ಗೊತ್ತಾಗುತ್ತಿರಲಿಲ್ಲ. ಜನರಿಗೆ ಸಂತೋಷ. ಹೊಗೆ ಇಲ್ಲ, ಗದ್ದಲ ಇಲ್ಲ. ಕಣ್ಣಿದ್ದ ನಾವೂ ಮೊದಲ ತಿಂಗಳು ಎರಡು ಸಲ ಬೆಚ್ಚಿ ಹಿಂದೆ ಸರಿದೆವು. ಎದೆಗೆ ಹೇಳದೆ ಬರುವ ಇಂಜಿನ್ನು ನಮಗೆ ರೂಢಿ ಇರಲಿಲ್ಲ.

ಮಾವನಿಗೆ ನಾನು ಬಿಡಿಸಿ ಹೇಳಿದೆ. “ಮಾವಾ, ಇದು ಸಪ್ಪಳ ಮಾಡಂಗಿಲ್ಲ. ಹತ್ರ ಬಂದ ಮ್ಯಾಲ ಹಾರ್ನ್ ಒಂದ ಕೇಳ್ತೈತಿ.”

“ಕಬ್ಬಿಣಕ್ಕ ಕಬ್ಬಿಣ ಹತ್ತಿದ ಮ್ಯಾಲ ಸಪ್ಪಳ ಆಗದ ಇರತೈತೇನಲೇ?”

“ಆಗತೈತಿ. ಆದ್ರ ಆಚಿಗೆ ಡೀಸಲ್ ನಿಂತಿದ್ರ ಅದರಾಗ ಇದು ಕೇಳಂಗಿಲ್ಲ.”

ಮರುದಿನದಿಂದ ಅವನು ಬಿಡುವಿದ್ದಾಗಲೆಲ್ಲ ಹುಬ್ಬಳ್ಳಿ ಲೈನಿನ ಕಡೆಯ ಬೆಂಚಿನ ಮೇಲೆ ಕುಳಿತು ಬರುವ ಹೋಗುವ ಇಂಜಿನ್ನುಗಳನ್ನು ಕೇಳತೊಡಗಿದ. ಮುದಿ ವಯಸ್ಸಿನಲ್ಲಿ ಹೊಸದಾಗಿ ಅಕ್ಷರ ಕಲಿಯುವವನ ಹಾಗೆ ಬಾಯಿ ಬಿಗಿದು ಕೂರುತ್ತಿದ್ದ. ಒಂದೊಂದು ದಿನ, “ಬಂತು ನೋಡು,” ಎಂದು ಸರಿಯಾಗಿಯೇ ಹೇಳುತ್ತಿದ್ದ. ಒಂದೊಂದು ದಿನ ಗಾಡಿ ಎದುರಿಗೆ ಬಂದು ನಿಂತು ಜನ ಇಳಿಯುವ ಗದ್ದಲವಾದ ಮೇಲೆ ಕತ್ತು ಎತ್ತುತ್ತಿದ್ದ.

ಅದು ಆದದ್ದು ಒಂದು ಮಧ್ಯಾಹ್ನ. ಹಮ್ಮಿಗಿಯ ಒಬ್ಬ ಹೆಣ್ಣುಮಗಳು ಮುಂಡರಗಿಯ ಮೇಲೆ ಬಸ್ಸಿನಲ್ಲಿ ಬಂದಿದ್ದಳು. ಬಾಗಲಕೋಟೆಯಲ್ಲಿ ಮಗಳು ಹಡೆದಿದ್ದಳು, ಬಾಣಂತನಕ್ಕೆ ಹೊರಟವಳು. ಒಂದು ಚೀಲ ಜೋಳ, ಒಂದು ಡಬ್ಬಿ ಅಂಟಿನ ಉಂಡಿ. ಬಿಜಾಪುರ ಲೈನಿನ ಗಾಡಿ ಆಚೆಯ ಪ್ಲಾಟ್‌ಫಾರಂನಲ್ಲಿ ಬಿಡಲು ತಯಾರಾಗಿ ನಿಂತಿತ್ತು, ಡೀಸೆಲ್ ಇಂಜಿನ್ನು ಸ್ಟೇಷನ್ನನ್ನೆಲ್ಲ ನಡುಗಿಸುತ್ತಿತ್ತು. ಮಾವ ಚೀಲ ತಲೆಗೇರಿಸಿ, ಡಬ್ಬಿ ಕಂಕುಳಿಗೆ ಸಿಕ್ಕಿಸಿ, “ಚುಂಗು ಹಿಡೀಯವ್ವಾ,” ಎಂದು ಹೊರಟ.

ನಾನು ಈಚೆ ಪ್ಲಾಟ್‌ಫಾರಂನ ಇನ್ನೊಂದು ತುದಿಯಲ್ಲಿ ತಳ್ಳುಗಾಡಿಗೆ ಗಂಟು ಹೇರುತ್ತಿದ್ದೆ. ತಲೆ ಎತ್ತಿದಾಗ ಅವರು ಹಳಿಗೆ ಇಳಿದಿದ್ದರು. ಅದೇ ಹೊತ್ತಿಗೆ ನಡುವಿನ ಹಳಿಯ ಮೇಲೆ ಹುಬ್ಬಳ್ಳಿಯ ಕಡೆಯಿಂದ ಕರೆಂಟಿನ ಇಂಜಿನ್ನೊಂದು ಬರುತ್ತಿತ್ತು. ಡಬ್ಬಿಗಳಿಲ್ಲ, ಬರೀ ಇಂಜಿನ್ನು, ಮೆಲ್ಲಗೆ. ಅದು ಹಾರ್ನ್ ಹಾಕಿತು. ಹಾಕಲಿಲ್ಲ ಎಂದು ನಾನು ಹೇಳುವುದಿಲ್ಲ, ಡ್ರೈವರನ ಮೇಲೆ ತಪ್ಪು ಹೊರಿಸುವುದಿಲ್ಲ. ಮಾವನಿಗೂ ಅದು ಕೇಳಿಸಿತು. ಆದರೆ ಅದನ್ನು ಅವನು ಎದುರಿಗೆ ನಿಂತ ಡೀಸೆಲ್ಲಿನ ಹಾರ್ನ್ ಎಂದುಕೊಂಡ. ಗಾಡಿ ಬಿಡುತ್ತಿದೆ, ಈ ಹೆಣ್ಣುಮಗಳ ಗಾಡಿ ತಪ್ಪುತ್ತದೆ ಎಂದು ಕಾಲು ಬೀಸಿದ. ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ.

ಅವನನ್ನು ಎಳೆದವಳು ಆ ಹೆಣ್ಣುಮಗಳು. ಓಡಿಹೋಗಲಿಲ್ಲ, ಚುಂಗು ಬಿಡಲಿಲ್ಲ. ಎರಡೂ ಕೈಯಿಂದ ಹಿಡಿದು, ಬಾವಿಯಿಂದ ಕೊಡ ಎಳೆದ ಹಾಗೆ ಹಿಂದಕ್ಕೆ ಜಗ್ಗಿದಳು. ಮಾವ ಅಂಗಾತ ಬಿದ್ದ. ಚೀಲ ಆ ಕಡೆ ಬಿತ್ತು. ಬಲಗಾಲೊಂದು ಹಳಿಯ ಮೇಲೆ ಉಳಿಯಿತು.

ನಾನು ಓಡಿ ಹೋಗಿ ಮುಟ್ಟುವ ಹೊತ್ತಿಗೆ ಇಂಜಿನ್ನು ಸ್ವಲ್ಪ ಮುಂದೆ ಹೋಗಿ ನಿಂತಿತ್ತು. ಜಲ್ಲಿಕಲ್ಲಿನ ಮೇಲೆಲ್ಲ ಜೋಳ, ಅಂಟಿನ ಉಂಡಿ. ಮಾವ ಕೂಗುತ್ತಿರಲಿಲ್ಲ. “ಯಾವ ಲೈನಲೇ?” ಎಂದು ಕೇಳಿದ. “ಇದು ಯಾವ ಲೈನಿಂದು?”

“ಹುಬ್ಬಳ್ಳಿದು, ಮಾವಾ.”

“ಹೌದೇನು,” ಎಂದ. ಅಷ್ಟೇ.

ಪಾದ ಉಳಿಯಲಿಲ್ಲ. ದವಾಖಾನೆಯಲ್ಲಿ ಸಕ್ಕರೆಯ ಗಾಯ ಆರದೆ ಮತ್ತೆ ಸ್ವಲ್ಪ ಮೇಲಕ್ಕೆ ಕತ್ತರಿಸಬೇಕಾಯಿತು. ಬಾಣಂತನ ಮುಗಿಸಿ ಊರಿಗೆ ಹೊರಟ ಹಮ್ಮಿಗಿಯ ಹೆಣ್ಣುಮಗಳು ದವಾಖಾನೆಗೆ ಬಂದು ಮಂಚದ ಹತ್ತಿರ ನಿಂತಳು.

ಮಾವ ಅವಳ ದನಿ ಗುರುತಿಸಿ, “ಎಳೀಬಾರದಿತ್ತಯವ್ವಾ,” ಎಂದ.

ಅವಳು ಸಿಟ್ಟಿಗೆದ್ದಳು. “ಎಳೀದ ಏನ್ ಮಾಡ್ಲಿ? ನಿನ್ನ ಬೆನ್ನಿಗೆ ನಾ ಇದ್ನೆಲ್ಲ. ನಾ ಸತ್ರ ನನ್ನ ಮಗಳ ಬಾಣಂತನ ನೀ ಮಾಡ್ತಿದ್ದೇನು?” ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಗಂಡಮಗ ಆಗೈತಿ,” ಎಂದಳು.

“ಚೊಲೊ ಆತು ಬಿಡು,” ಎಂದ ಮಾವ.

ಬಿಲ್ಲೆ ಹೋಯಿತು. ಖೋಲಿ ಬಿಡಿಸಿದೆ. ಅವನನ್ನು ನಮ್ಮ ಮನೆಗೆ ತಂದು ನಡುಮನೆಯಲ್ಲಿ ಮಂಚ ಹಾಕಿದೆ. ಮೊದಲ ದಿನ ಹೆಂಡತಿ ತಾಟು ತಂದಿಟ್ಟಳು. ಅವನು ಕೈ ಚಾಚಲಿಲ್ಲ.

“ಹಸಿವಿಲ್ಲ,” ಎಂದ.

ಎರಡನೆಯ ದಿನವೂ ಹಸಿವಿಲ್ಲ. ಗುಳಿಗೆ ನುಂಗಲು ಒಂದು ಲೋಟ ಮಜ್ಜಿಗೆ ಕುಡಿದ, ಅಷ್ಟೇ. ನನಗೆ ತಡೆಯಲಾಗಲಿಲ್ಲ.

“ನನ್ನ ಬರೇ ಅಳಿಯಾ ಅಂತ ಯಾಕ ನೋಡ್ತಿ? ನಾ ನಿಮ್ಮಕ್ಕನ ಮಗಾ. ಇದು ನಿಮ್ಮಕ್ಕನ ಮನಿ ಅಂತ ತಿಳಕೋ. ತಮ್ಮ ಅಕ್ಕನ ಮನ್ಯಾಗ ಉಂಡ್ರ ಯಾರ ಏನ್ ಅಂತಾರ?”

ಮಂಚದ ಅಂಚು ಸವರುತ್ತ ಹೇಳಿದ: “ನಿಮ್ಮವ್ವ ಇದ್ದಿದ್ರ ಉಣ್ತಿದ್ದೆ.”

“ಅವ್ವನ ಫೋಟೋ ಗ್ವಾಡಿ ಮ್ಯಾಲ ಐತಿ. ನೋಡಾಕತ್ತಾಳ.”

“ನನಗ ಕಾಣಂಗಿಲ್ಲಲ್ಲೋ,” ಎಂದು ಅವನು ನಕ್ಕ. ನನ್ನ ಹೆಂಡತಿ ಆ ನಗುವನ್ನೇ ಹಿಡಿದುಕೊಂಡು ತಾಟನ್ನು ಅವನ ತೊಡೆಯ ಮೇಲೆ ಇಟ್ಟಳು. “ಅತ್ತಿ ಕೊಟ್ಟಾಳ, ಉಣ್ಣಪ್ಪಾ,” ಎಂದಳು. ಅವಳ ಅತ್ತೆ ಎಂದರೆ ನನ್ನ ಅವ್ವ. ಅವನು ಉಂಡ. ಅವತ್ತು ನಾನು ಹೊರಗೆ ಕಟ್ಟೆಗೆ ಹೋಗಿ ಕುಳಿತು ಒಬ್ಬನೇ ಬಹಳ ಹೊತ್ತು ಬೀಡಿ ಸೇದಿದೆ. ಗೆದ್ದೆ ಅಂದುಕೊಂಡೆ.

ಸುಮಾರು ಒಂದು ತಿಂಗಳು ಹಾಗೇ ನಡೆಯಿತು. ಪ್ರತಿ ಹೊತ್ತೂ ತಾಟು ಇಡುವಾಗ “ಅತ್ತಿ ಕೊಟ್ಟಾಳ” ಅನ್ನಬೇಕು, ಅಂದರೆ ಉಣ್ಣುವನು. ಮರೆತರೆ ಕೈ ಮುಂದೆ ಬರುತ್ತಿರಲಿಲ್ಲ. ಒಂದು ದಿನ ಶಿರಹಟ್ಟಿಯ ಕಡೆಯ ನೆಂಟನೊಬ್ಬ ಅವನನ್ನು ನೋಡಲು ಬಂದ. ಮಾವನ ಸರೀಕ, ಕೆಟ್ಟ ಮನುಷ್ಯನಲ್ಲ, ಬಾಯಿ ಮಾತ್ರ ಬಿರುಸು. ಚಹಾ ಕುಡಿದು, ಮಂಚ ತಟ್ಟಿ ಹೇಳಿದ:

“ನಮಗ ಗಂಡಮಕ್ಕಳಿದ್ದು ಏನ್ ಬಂತೋ? ಸೊಸಿ ಬೈಗಳ ಉಣ್ಣಾಕತ್ತೀವಿ. ನೀ ನೋಡು, ಮಗಳ ಮನ್ಯಾಗ ಬೀಡು ಬಿಟ್ಟು ರಾಜಾನಂಗ ಅದಿ!”

ಅವನು ಹೊಟ್ಟೆಕಿಚ್ಚಿನಿಂದ ಹೇಳಿದ್ದು, ಕುಹಕದಿಂದಲ್ಲ. ಮಾವ ನಕ್ಕು ಮಾತಾಡಿಯೇ ಕಳಿಸಿದ. ಆದರೆ ಸಂಜೆ ತಾಟು ಬಂದಾಗ ಕೈಯಿಂದ ಅದರ ಅಂಚು ಸವರಿ ಪಕ್ಕಕ್ಕೆ ಸರಿಸಿದ. ನನ್ನನ್ನು ಕರೆದ.

“ಮಠಕ್ಕ ಬಿಟ್ಟ ಬಾ ನನ್ನ.”

ಊರ ಹೊರಗೆ ಒಂದು ಮಠವಿದೆ. ಅಲ್ಲಿ ದಾಸೋಹ, ಯಾರು ಬಂದರೂ ಸಾಲಿನಲ್ಲಿ ಕುಳಿತು ಉಣ್ಣಬಹುದು. ಆ ಅನ್ನ ಯಾರದ್ದೂ ಅಲ್ಲ, ಆದ್ದರಿಂದ ಎಲ್ಲರದ್ದೂ. ನಾನು ಒಲ್ಲೆ ಎಂದೆ. ನನಗೆ ಅದು ಮೋರೆಗೆ ಹೊಡೆದ ಹಾಗಾಯಿತು. “ಮಂದಿ ಏನಂತಾರ? ಮಗಳು ಅಳಿಯಾ ಹೊರಗ ಹಾಕಿದ್ರು ಅನ್ನಂಗಿಲ್ಲೇನು? ನನ್ನ ಮಾನ ಮಾನ ಅಲ್ಲೇನು?”

“ನಿನ್ನ ಮಾನ ನಿನ್ನ ಕಾಲ ಮ್ಯಾಲ ಐತಿ. ನನಗ ಕಾಲ ಇಲ್ಲ,” ಎಂದ. ಮತ್ತೆ ಎರಡು ದಿನ ಮಜ್ಜಿಗೆಯ ಮೇಲೆ ಇದ್ದ. ಮೂರನೆಯ ದಿನ ಹೆಂಡತಿಯೇ ಆಟೋ ಕರೆಸಿದಳು. “ಹಸಗೊಂಡ ಸಾಯೂದು ಬ್ಯಾಡ್ರಿ. ಅಲ್ಲೆರ ಉಣ್ಣಲಿ,” ಎಂದಳು.

ಮಠದಲ್ಲಿ ಅವನು ಬರಿದೇ ಕೂರಲಿಲ್ಲ. ದಾಸೋಹದ ಅಡುಗೆ ಮನೆಯ ಹೊರಗೆ ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದ, ಬತ್ತಿ ಹೊಸೆಯುತ್ತಿದ್ದ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಸ್ಟೇಷನ್ನಿನ ಸುದ್ದಿ ಕೇಳುವನು. ಬಿಜಾಪುರ ಲೈನಿಗೂ ಕಂಬ ನೆಡುತ್ತಿದ್ದಾರೆ ಎಂದು ಹೇಳಿದಾಗ, “ಹಂಗಾರ ಮುಗೀತು,” ಎಂದು ಬೆಳ್ಳುಳ್ಳಿಯ ಸಿಪ್ಪೆ ಊದಿದ.

ನನ್ನ ಹೆಂಡತಿಗೆ ಅಷ್ಟು ಸಾಲಲಿಲ್ಲ. ದಾಸೋಹದಲ್ಲಿ ಊರ ಹೆಣ್ಣುಮಕ್ಕಳು ಹೋಗಿ ನೀಡುವ ಪದ್ಧತಿ ಇದೆ. ಯಾರು ಬೇಕಾದರೂ ಹೋಗಬಹುದು. ಅವಳು ನನಗೆ ಹೇಳದೆ ಹೋಗತೊಡಗಿದಳು. ಅಪ್ಪನ ಕಿವಿ ಎಂಥದ್ದೆಂದು ಅವಳಿಗೆ ಗೊತ್ತು. ಕೈಬಳೆಗಳು ಸದ್ದು ಮಾಡಬಾರದೆಂದು ಒಂದು ಅರಿವೆಯ ತುಂಡಿನಿಂದ ಸುತ್ತಿ ಕಟ್ಟಿಕೊಂಡು, ಬಾಯಿ ಬಿಡದೆ, ಬರಿಗಾಲಿನಲ್ಲಿ ಸಾಲಿನ ಉದ್ದಕ್ಕೂ ನೀಡುತ್ತ ಬರುವಳು. ಮುತ್ತೈದೆ ಬಳೆ ಕಟ್ಟಿಕೊಳ್ಳುವುದು ನೋಡಿ ಉಳಿದ ಹೆಂಗಸರು ಗುಸುಗುಸು ಅಂದರಂತೆ. ಅವಳು ಲೆಕ್ಕಿಸಲಿಲ್ಲ. ಅನ್ನ ನೀಡಿದಳು, ಸಾರು ನೀಡಿದಳು, ಅಪ್ಪ ಉಂಡ. ಹೀಗೆ ಹಲವು ದಿನ. ಒಂದು ಸಂಜೆ ಮನೆಗೆ ಬಂದಾಗ ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು, ಕೇಳಿದೆ, ಹೇಳಿದಳು. ನಾನು ಬೇಡ ಅನ್ನಲಿಲ್ಲ.

ಒಂದು ದಿನ ಯಾರೋ ಭಕ್ತರು ದಾಸೋಹಕ್ಕೆ ಜೋಳದ ರೊಟ್ಟಿ ಮಾಡಿಸಿ ತಂದಿದ್ದರು. ಅವಳು ರೊಟ್ಟಿಯ ಬುಟ್ಟಿ ಹಿಡಿದಳು. ಸಾಲಿನಲ್ಲಿ ಎಲ್ಲರಿಗೂ ಇಡಿ ರೊಟ್ಟಿ ಹಾಕುತ್ತ ಬಂದವಳು ಅಪ್ಪನ ಮುಂದೆ ಬಂದಾಗ, ಕೈ ತನ್ನಷ್ಟಕ್ಕೆ ತಾನೇ ರೊಟ್ಟಿಯನ್ನು ನಾಲ್ಕು ಚೂರು ಮಾಡಿ ತಾಟಿನಲ್ಲಿ ಇಟ್ಟಿತು.

ಅವನು ಬೆರಳಿನಿಂದ ಮುಟ್ಟಿದ. ಒಂದು ಚೂರು, ಎರಡನೆಯದು, ಮೂರು, ನಾಲ್ಕು. ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಮುಂದಿನ ತಾಟಿಗೆ ಹೋದಳು, ಹೋಗಲೇಬೇಕಲ್ಲ, ಸಾಲು ಕಾಯುತ್ತಿರುತ್ತದೆ. ತಿರುಗಿ ನೋಡಿದಾಗ ಅವನು ಪಕ್ಕದವನ ತಾಟಿಗೆ ಆ ಚೂರುಗಳನ್ನು ಸರಿಸುತ್ತಿದ್ದ.

ಮರುದಿನ ಅಡುಗೆಯವನ ಕೈಯಲ್ಲಿ ಹೇಳಿ ಕಳಿಸಿದ: “ನನ್ನ ಮಗಳಿಗೆ ಹೇಳ್ರಿ, ನೀಡಾಕ ಬರೂದು ಬ್ಯಾಡ ಅಂತ. ಬಂದ್ರ ನಾ ಇಲ್ಲಿಂದನೂ ಹೊಂಡತೀನಿ. ಹೊಂಡಾಕ ಇನ್ನ ಜಾಗಾ ಇಲ್ಲ.”

ಅವಳು ಹೋಗುವುದನ್ನು ಬಿಟ್ಟಳು. ನಾನು ಹೋದಾಗ ಆ ವಿಷಯ ನಾವಿಬ್ಬರೂ ಎತ್ತಲಿಲ್ಲ. ಆದರೆ ನಾನು ಏಳುವಾಗ ಅವನು ನನ್ನ ತೋಳು ಹಿಡಿದು, “ಅಕಿ ಮ್ಯಾಲ ಸಿಟ್ಟಿಲ್ಲ ಅಂತ ಹೇಳು,” ಎಂದ. ಹಿಡಿತ ಹಮಾಲನದೇ, ಸಡಿಲಾಗಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟಿತ್ತು.

ಆ ಮಳೆಗಾಲದಲ್ಲಿ ಇನ್ನೊಂದು ಕಾಲಿಗೂ ಗಾಯವಾಯಿತು. ದವಾಖಾನೆಗೆ ಬರಲು ಒಪ್ಪಲಿಲ್ಲ. ಒಂದು ಬೆಳಿಗ್ಗೆ ಮಠದಿಂದ ಫೋನು ಬಂತು. ನಾವು ಹೋದಾಗ ಗೋಡೆಗೆ ಒರಗಿಸಿ ಕೂರಿಸಿದ್ದರು, ವಿಭೂತಿ ಹಚ್ಚಿದ್ದರು. ನನ್ನ ಹೆಂಡತಿ ಅಡುಗೆಯವನನ್ನು ಕೇಳಿದ ಮೊದಲ ಮಾತು:

“ನಿನ್ನಿ ಉಂಡಿದ್ನೇನ್ರಿ?”

“ಇಲ್ಲಬೇ. ಬಳ್ಳೊಳ್ಳಿ ಸುಲಿಯಾಕ ಆಗಲಿಲ್ಲ ಅಂತ ನಿನ್ನಿ ಉಣ್ಣಲಿಲ್ಲ.”

ಮಣ್ಣಿಗೆ ಬಂದ ಹಳೆಯ ಹಮಾಲರು, ಮಾವ ಕಡೆತನಕ ಯಾರ ಹಂಗಿಗೂ ಬೀಳಲಿಲ್ಲ, ಗೆದ್ದ ಎಂದು ಮಾತಾಡಿಕೊಂಡರು. ನಾನೂ ಹಂಗು ಒಲ್ಲದವನೇ, ಆ ಮಾತು ನನಗೆ ಹಿಡಿಸಬೇಕಿತ್ತು. ಹಿಡಿಸಲಿಲ್ಲ. ನನ್ನ ಪಕ್ಕದಲ್ಲಿ ನಿಂತವಳು ತನ್ನ ಎರಡು ಕೈ ನೋಡಿಕೊಳ್ಳುತ್ತ ನಿಂತಿದ್ದಳು. ಗೆದ್ದವರು ಯಾರೆಂದು ಅವಳನ್ನು ಕೇಳಬೇಕಿತ್ತು.

ಈಗ ಸ್ಟೇಷನ್ನಿನ ಎರಡೂ ಲೈನಿಗೆ ಕರೆಂಟು ಬಂದಿದೆ. ಹಳಿ ದಾಟಿಸುವವರು ಯಾರೂ ಇಲ್ಲ. ಹಮಾಲರಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಮಂದಿ ಉಳಿದಿದ್ದೇವೆ. ನಾನು ಇನ್ನೂ ದುಡಿಯುತ್ತೇನೆ. ಮೊಣಕಾಲು ನೋಯುತ್ತದೆ, ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯಬೇಕು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಾನು ಮೊದಲಿನ ಹಾಗೆ ‘ಜಲ್ದಿ ನೀಡು’ ಎಂದು ಕೂಗುವುದಿಲ್ಲ.

ನನ್ನ ಹತ್ತಿರ ಈಗ ಇರುವುದು ಇಷ್ಟು: ಬೆಟಗೇರಿಯಲ್ಲಿ ಎರಡು ಖೋಲಿಯ ಸ್ವಂತ ಮನೆ, ಒಂದು ತಳ್ಳುಗಾಡಿ, ಹಿತ್ತಲಲ್ಲಿ ಒಂದು ಎಮ್ಮೆ, ಒಬ್ಬಳು ಹೆಂಡತಿ. ಹೆಣ್ಣುಮಕ್ಕಳು ಇಬ್ಬರು, ಒಬ್ಬಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದೇನೆ, ಒಬ್ಬಳನ್ನು ಮುಂಡರಗಿಗೆ. ಗಂಡುಮಕ್ಕಳು ಇಲ್ಲ.